ದಾವಣಗೆರೆಯಿಂದ ಹಣಕಾಸು ಸಚಿವಾಲಯಕ್ಕೆ: ಯಾವ ದಾರಿ, ಎಷ್ಟು ದೂರ?

ಪ್ರತಿ ವರ್ಷ ಫೆಬ್ರುವರಿ 1ರ ಕೇಂದ್ರ ಬಜೆಟ್ ಮುಗಿದ ವಾರ, ಆಮೇಲೆ ಮಾರ್ಚ್‌ನಲ್ಲಿ ರಾಜ್ಯದ ಬಜೆಟ್ ಮುಗಿದ ವಾರ, ಒಂದೇ ಪ್ರಶ್ನೆ ಬರುತ್ತದೆ. "ಮಗಳು ಬಿ.ಕಾಂ. ಮುಗಿಸಿದ್ದಾಳೆ. ಫೈನಾನ್ಸ್ ಮಿನಿಸ್ಟ್ರಿಯಲ್ಲಿ ದೊಡ್ಡ ಆಫೀಸರ್ ಆಗಬೇಕಂತೆ. ಯಾವ ಪರೀಕ್ಷೆ ಬರೀಬೇಕು ಸಾರ್?" ದಾವಣಗೆರೆಯಿಂದಲೂ ಬರುತ್ತದೆ, ಚಳ್ಳಕೆರೆ, ಹೊಸದುರ್ಗದಿಂದಲೂ ಬರುತ್ತದೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಆ ಸಚಿವಾಲಯದ ಅತಿ ದೊಡ್ಡ ಅಧಿಕಾರಿ, ಅಂದರೆ ಹಣಕಾಸು ಕಾರ್ಯದರ್ಶಿ, ಹುದ್ದೆಗೆ ಅಂತ ಪರೀಕ್ಷೆ ಇಲ್ಲ. ಅದು ಮೂವತ್ತಕ್ಕೂ ಹೆಚ್ಚು ವರ್ಷ ಸೇವೆ ಮಾಡಿದ ಮೇಲೆ ಕೆಲವರಿಗೆ ಮಾತ್ರ ಸಿಗುವ ಕುರ್ಚಿ. ಹಾಗಾಗಿ ಯಾವ ವಿಷಯ ಓದಬೇಕು ಅನ್ನುವುದಕ್ಕಿಂತ ಯಾವ ವಯಸ್ಸಿಗೆ ಸೇವೆ ಸೇರುತ್ತೀರಿ ಅನ್ನುವುದು ಮುಖ್ಯ. ಇದನ್ನು ಕೋಚಿಂಗ್ ಸೆಂಟರಿನವರು ಹೇಳುವುದಿಲ್ಲ.

1. ಯಾವ ಕಚೇರಿ ಅಂತ ಮೊದಲು ತಿಳಿದುಕೊಳ್ಳಿ

ಎರಡು ಬೇರೆ ಬೇರೆ ಕಚೇರಿಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ದೆಹಲಿಯಲ್ಲಿರುವುದು ಕೇಂದ್ರದ ಹಣಕಾಸು ಸಚಿವಾಲಯ. ಬೆಂಗಳೂರಿನ ವಿಧಾನಸೌಧದಲ್ಲಿರುವುದು ಕರ್ನಾಟಕದ ಆರ್ಥಿಕ ಇಲಾಖೆ. ಸರ್ಕಾರಿ ಆದೇಶಗಳಲ್ಲಿ "ಆರ್ಥಿಕ ಇಲಾಖೆಯ ಸಹಮತಿ ಮೇರೆಗೆ" ಅಂತ ಓದಿರುತ್ತೀರಲ್ಲ, ಅದೇ ಇದು. ಯಾವುದೇ ಇಲಾಖೆ ಹೊಸ ಹುದ್ದೆ, ಹೊಸ ಖರ್ಚು ಅಂದರೆ ಕಡತ ಇಲ್ಲಿಗೆ ಬಂದೇ ಹೋಗಬೇಕು.

ಕೇಂದ್ರದ ಸಚಿವಾಲಯದಲ್ಲಿ ಆರು ಇಲಾಖೆಗಳಿವೆ. ಆರ್ಥಿಕ ವ್ಯವಹಾರಗಳ ಇಲಾಖೆ ಬಜೆಟ್ ತಯಾರಿಸುತ್ತದೆ, ಸರ್ಕಾರದ ಸಾಲ ನೋಡಿಕೊಳ್ಳುತ್ತದೆ. ವೆಚ್ಚ ಇಲಾಖೆ ಖರ್ಚಿಗೆ ಒಪ್ಪಿಗೆ ಕೊಡುತ್ತದೆ. ವೇತನ ಆಯೋಗದ ಕೆಲಸವೂ ಇದರದ್ದೇ. ಕಂದಾಯ ಇಲಾಖೆಯದು ತೆರಿಗೆ. ಇಲ್ಲಿ ಕಂದಾಯ ಅಂದರೆ ನಮ್ಮ ತಹಶೀಲ್ದಾರ್ ಕಚೇರಿಯ ಪಹಣಿ ವ್ಯವಹಾರ ಅಲ್ಲ. ಆದಾಯ ತೆರಿಗೆ, ಜಿಎಸ್‌ಟಿ, ಕಸ್ಟಮ್ಸ್. ಉಳಿದ ಮೂರು ಬ್ಯಾಂಕು-ವಿಮೆಗೆ, ಸರ್ಕಾರಿ ಷೇರು ಮಾರಾಟಕ್ಕೆ, ಸಾರ್ವಜನಿಕ ಉದ್ದಿಮೆಗಳಿಗೆ ಸಂಬಂಧಿಸಿದವು. ಆರರಲ್ಲೂ ಕಾರ್ಯದರ್ಶಿಗಳಿರುತ್ತಾರೆ. ಅವರಲ್ಲಿ ಹಿರಿಯರನ್ನು ಹಣಕಾಸು ಕಾರ್ಯದರ್ಶಿ ಅಂತ ಹೆಸರಿಸುತ್ತಾರೆ. ಒಂದು ರೂಪಾಯಿ ನೋಟು ಕೈಗೆ ಸಿಕ್ಕರೆ ಸಹಿ ನೋಡಿ. ಬೇರೆ ನೋಟುಗಳ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇದ್ದರೆ, ಇದರ ಮೇಲೆ ಈ ಸಚಿವಾಲಯದ ಕಾರ್ಯದರ್ಶಿಯ ಸಹಿ ಇರುತ್ತದೆ.

2. ವಯಸ್ಸಿನ ಲೆಕ್ಕ ಹಾಕಿ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ.

ಐಎಎಸ್ ಅಧಿಕಾರಿ ನಿವೃತ್ತಿಯಾಗುವುದು 60ಕ್ಕೆ. ಕೇಂದ್ರದಲ್ಲಿ ಕಾರ್ಯದರ್ಶಿ ಆಗುವ ಹೊತ್ತಿಗೆ ಸುಮಾರು 32ರಿಂದ 34 ವರ್ಷ ಸೇವೆ ಆಗಿರುತ್ತದೆ. ಉದಾಹರಣೆ ನೋಡಿ. ನಮ್ಮ ಕರ್ನಾಟಕ ಕೇಡರಿನ, ಅಂದರೆ ಕರ್ನಾಟಕಕ್ಕೆ ಹಂಚಿಕೆಯಾದ, ಅಜಯ್ ಸೇಠ್ 1987ರ ಬ್ಯಾಚಿನವರು, ಅಂದರೆ ಆ ವರ್ಷ ಸೇವೆಗೆ ಸೇರಿದವರು. ಆರ್ಥಿಕ ವ್ಯವಹಾರಗಳ ಕಾರ್ಯದರ್ಶಿ ಆಗಿದ್ದು 2021ರಲ್ಲಿ. ಆಮೇಲೆ 2025ರಲ್ಲಿ ಹಣಕಾಸು ಕಾರ್ಯದರ್ಶಿಯೂ ಆದರು. ಅದೇ 1987ರ ಬ್ಯಾಚಿನ, ತಮಿಳುನಾಡು ಕೇಡರಿನ ಟಿ.ವಿ. ಸೋಮನಾಥನ್ ವೆಚ್ಚ ಕಾರ್ಯದರ್ಶಿ ಆಗಿದ್ದು 2019ರ ಕೊನೆಗೆ. ರಾಜಸ್ಥಾನ ಕೇಡರಿನ ಸಂಜಯ್ ಮಲ್ಹೋತ್ರಾ 1990ರ ಬ್ಯಾಚು, ಕಾರ್ಯದರ್ಶಿ ಆಗಿದ್ದು 2022ರಲ್ಲಿ.

ಈಗ 60ರಲ್ಲಿ 33 ಕಳೆಯಿರಿ. 27 ಬಂತಲ್ವಾ? ಅಂದರೆ 27ರೊಳಗೆ ಮಸ್ಸೂರಿಯ ಐಎಎಸ್ ತರಬೇತಿ ಅಕಾಡೆಮಿಗೆ ಕಾಲಿಟ್ಟವರಿಗೆ ಮಾತ್ರ ಆ ಕುರ್ಚಿ ಲೆಕ್ಕದ ಒಳಗೆ ಬರುತ್ತದೆ. ಸಾಮಾನ್ಯ ವರ್ಗಕ್ಕೆ ಪರೀಕ್ಷೆ ಬರೆಯಲು 32ರವರೆಗೆ ಅವಕಾಶ ಇದೆ ನಿಜ. ಆದರೆ 32ಕ್ಕೆ ಪಾಸಾಗಿ 33ಕ್ಕೆ ಸೇರಿದವರಿಗೆ 27 ವರ್ಷ ಸೇವೆ ಸಿಗುತ್ತದೆ. ಕಾರ್ಯದರ್ಶಿಗಿಂತ ಎರಡು ಮೆಟ್ಟಿಲು ಕೆಳಗಿನ ಜಂಟಿ ಕಾರ್ಯದರ್ಶಿ ಆಗಬಹುದು. ಹೆಚ್ಚುವರಿ ಕಾರ್ಯದರ್ಶಿ ಹುದ್ದೆ ಹತ್ತಿರ ಬರುವಷ್ಟರಲ್ಲಿ ನಿವೃತ್ತಿ. ಇದರಲ್ಲಿ ಬೇಜಾರು ಪಡುವಂಥದ್ದೇನಿಲ್ಲ. ಜಂಟಿ ಕಾರ್ಯದರ್ಶಿ ಸಣ್ಣ ಹುದ್ದೆ ಅಲ್ಲ. ರಾಜ್ಯದಲ್ಲಾದರೆ ಸುಮಾರು 25 ವರ್ಷಕ್ಕೆ ಪ್ರಧಾನ ಕಾರ್ಯದರ್ಶಿ ದರ್ಜೆ ಸಿಗುತ್ತದೆ. ಆದರೆ ಲೆಕ್ಕ ಗೊತ್ತಿದ್ದು ಹೊರಡುವುದು ಒಳ್ಳೆಯದು.

ಎಡವುವ ಜಾಗ: ಡಿಗ್ರಿ ಮುಗಿದ ಮೇಲೆ "ಎರಡು ವರ್ಷ ಕೆಲಸ ಮಾಡಿ ಆಮೇಲೆ ನೋಡೋಣ" ಅನ್ನುವುದು. ಮನೆಯ ಪರಿಸ್ಥಿತಿ ಹಾಗಿದ್ದರೆ ಬೇರೆ ಮಾತು. ಸುಮ್ನೆ ಮುಂದೂಡುವುದಾದರೆ ಬೇಡ. 21 ತುಂಬಿದರೆ ಬರೆಯಬಹುದು.

3. ನಾಲ್ಕು ಬಾಗಿಲು, ನಿಮಗೆ ಯಾವುದು?

ಮೊದಲನೆಯದು ಐಎಎಸ್. ಕೇಂದ್ರ ಲೋಕಸೇವಾ ಆಯೋಗ, ಅಂದರೆ ಯುಪಿಎಸ್‌ಸಿ, ನಡೆಸುವ ಸಿವಿಲ್ ಸರ್ವೀಸಸ್ ಪರೀಕ್ಷೆಯಿಂದ ಸಿಗುವುದು. ವರ್ಷಕ್ಕೆ ಸುಮಾರು 180 ಜನರನ್ನು ತೆಗೆದುಕೊಳ್ಳುತ್ತಾರೆ. ಸಚಿವಾಲಯದ ಕಾರ್ಯದರ್ಶಿ ಕುರ್ಚಿಗಳು ಬಹುತೇಕ ಇವರಿಗೇ ಹೋಗುತ್ತವೆ. ಆದರೆ ಇವರು ಹಣಕಾಸಿನಲ್ಲೇ ಇರುತ್ತಾರೆ ಅನ್ನುವ ಖಾತ್ರಿ ಇಲ್ಲ. ಇವತ್ತು ಬಜೆಟ್, ನಾಳೆ ಪಶುಸಂಗೋಪನೆ.

ಎರಡನೆಯದು ಅದೇ ಯುಪಿಎಸ್‌ಸಿ ಪರೀಕ್ಷೆಯಿಂದ ಸಿಗುವ ಹಣಕಾಸಿನ ಸೇವೆಗಳು. ಭಾರತೀಯ ಕಂದಾಯ ಸೇವೆ, ಅಂದರೆ ಐಆರ್‌ಎಸ್, ಎರಡು ಕವಲು: ಆದಾಯ ತೆರಿಗೆ ಒಂದು, ಕಸ್ಟಮ್ಸ್ ಮತ್ತು ಪರೋಕ್ಷ ತೆರಿಗೆ ಇನ್ನೊಂದು. ಮೊದಲನೆಯವರಿಗೆ ತರಬೇತಿ ನಾಗಪುರದಲ್ಲಿ. ಎರಡನೆಯವರ ಹೊಸ ಅಕಾಡೆಮಿ ಹಿಂದೂಪುರದ ಹತ್ತಿರ ಪಾಲಸಮುದ್ರದಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು, ನಮಗೆ ಹೆಚ್ಚುಕಮ್ಮಿ ಪಕ್ಕದ ಊರು. ಲೆಕ್ಕಪತ್ರಕ್ಕೆ ಭಾರತೀಯ ಸಿವಿಲ್ ಲೆಕ್ಕಪತ್ರ ಸೇವೆ ಇದೆ. ಇದರ ತುದಿ ಮಹಾ ಲೆಕ್ಕ ನಿಯಂತ್ರಕರ ಹುದ್ದೆ. ಲೆಕ್ಕಪರಿಶೋಧನೆಗೆ ಸಿಎಜಿ ಕೆಳಗಿನ ಸೇವೆ, ತರಬೇತಿ ಶಿಮ್ಲಾದಲ್ಲಿ. ಈ ಸೇವೆಗಳಿಗೆ ಸೇರಿದರೆ ಕೊನೆವರೆಗೂ ಕೆಲಸ ಹಣದ ಸುತ್ತಲೇ ಇರುತ್ತದೆ. ನಿಜವಾಗಿ ಲೆಕ್ಕ, ತೆರಿಗೆ ಇಷ್ಟ ಇರುವ ಬಿ.ಕಾಂ. ಮಕ್ಕಳಿಗೆ ಐಎಎಸ್‌ಗಿಂತ ಇದು ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. "ಐಎಎಸ್ ಸಿಗಲಿಲ್ಲ ಅಂತ ಐಆರ್‌ಎಸ್" ಅಂತ ಮೂಗು ಮುರಿಯುವವರ ಮಾತು ಕೇಳಬೇಡಿ.

ಮೂರನೆಯದು ಭಾರತೀಯ ಆರ್ಥಿಕ ಸೇವೆ. ಇದಕ್ಕೆ ಯುಪಿಎಸ್‌ಸಿ ಬೇರೆಯೇ ಪರೀಕ್ಷೆ ಮಾಡುತ್ತದೆ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು, ವಯಸ್ಸು 21ರಿಂದ 30. ಪ್ರಿಲಿಮ್ಸ್, ಅಂದರೆ ಪೂರ್ವಭಾವಿ ಪರೀಕ್ಷೆ, ಇಲ್ಲ. ಇಂಗ್ಲಿಷ್ 100, ಸಾಮಾನ್ಯ ಅಧ್ಯಯನ 100, ಅರ್ಥಶಾಸ್ತ್ರದ ನಾಲ್ಕು ಪತ್ರಿಕೆ ತಲಾ 200, ಸಂದರ್ಶನ 200. ಹುದ್ದೆಗಳು ಬಹಳ ಕಡಿಮೆ, ಆದರೆ ಬರೆಯುವವರೂ ಕಡಿಮೆ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಎ. ಅರ್ಥಶಾಸ್ತ್ರ ಓದುವವರಲ್ಲಿ ಹೆಚ್ಚಿನವರು ಈ ಪರೀಕ್ಷೆಯ ಹೆಸರನ್ನೇ ಕೇಳಿರುವುದಿಲ್ಲ. ಲೆಕ್ಕಾಚಾರದ ಅರ್ಥಶಾಸ್ತ್ರ, ಅಂಕಿಅಂಶ ಶಾಸ್ತ್ರ ಗಟ್ಟಿ ಇದ್ದರೆ ಮಾತ್ರ ಕೈ ಹಾಕಿ. ಮುಖ್ಯ ಆರ್ಥಿಕ ಸಲಹೆಗಾರರ ಹುದ್ದೆಗೆ ಮಾತ್ರ ಸಾಮಾನ್ಯವಾಗಿ ಹೊರಗಿನ ತಜ್ಞರನ್ನು ತರುತ್ತಾರೆ.

ನಾಲ್ಕನೆಯದು ರಾಜ್ಯದ ಬಾಗಿಲು. ಕೆಪಿಎಸ್‌ಸಿ ನಡೆಸುವ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆ, ಜನ ಕೆಎಎಸ್ ಅಂತ ಕರೆಯುವುದು. ಇದರಲ್ಲಿ ಎಸಿ (ಉಪವಿಭಾಗಾಧಿಕಾರಿ), ತಹಶೀಲ್ದಾರ್ ಹುದ್ದೆಗಳ ಕಡೆಗೇ ಎಲ್ಲರ ಕಣ್ಣು. ಆದರೆ ವಾಣಿಜ್ಯ ತೆರಿಗೆ ಸಹಾಯಕ ಆಯುಕ್ತ, ರಾಜ್ಯ ಲೆಕ್ಕಪತ್ರ ಇಲಾಖೆಯ ಸಹಾಯಕ ನಿಯಂತ್ರಕ ಅನ್ನುವ ಹುದ್ದೆಗಳೂ ಇದೇ ಪರೀಕ್ಷೆಯಿಂದ ಸಿಗುತ್ತವೆ. ಜಿಲ್ಲಾ ಪಂಚಾಯಿತಿಯ ಮುಖ್ಯ ಲೆಕ್ಕಾಧಿಕಾರಿ, ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ ಸಾಮಾನ್ಯವಾಗಿ ಈ ಲೆಕ್ಕಪತ್ರ ಇಲಾಖೆಯಿಂದ ಬಂದವರು. ಇನ್ನು ಎಸಿ ಆಗಿ ಸೇರಿದವರು ಮುಂದೆ ಬಡ್ತಿಯಲ್ಲಿ ಐಎಎಸ್ ಆಗಬಹುದು. ರಾಜ್ಯದ ಐಎಎಸ್ ಹುದ್ದೆಗಳಲ್ಲಿ ಮೂರನೇ ಒಂದು ಭಾಗ ಹೀಗೆ ಬಡ್ತಿಯವರಿಗೆ ಮೀಸಲು. ಆದರೆ ಎರಡನೇ ಹಂತದ ವಯಸ್ಸಿನ ಲೆಕ್ಕ ಇಲ್ಲೂ ಬಿಡುವುದಿಲ್ಲ.

ಇದಲ್ಲದೆ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ, ಅಂದರೆ ಎಸ್‌ಎಸ್‌ಸಿ, ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆ ಬರೆದು ಕೇಂದ್ರ ಸಚಿವಾಲಯದಲ್ಲಿ ಸಹಾಯಕ ವಿಭಾಗಾಧಿಕಾರಿ ಆಗಿ ಸೇರುವವರೂ ಇದ್ದಾರೆ. ನಿಧಾನವಾಗಿ ವಿಭಾಗಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಅಂತ ಮೇಲೆ ಬರುತ್ತಾರೆ. ಸದ್ದಿಲ್ಲದ ದಾರಿ, ಆದರೆ ಕಡತದ ನೆನಪು ಇರುವುದು ಇವರಲ್ಲೇ.

4. ಕಾಗದಪತ್ರ ಮೊದಲು, ಪುಸ್ತಕ ಆಮೇಲೆ

ನಮ್ಮ ಭಾಗದಲ್ಲಿ ಜಾಸ್ತಿ ಜನ ಎಡವುವುದು ಇಲ್ಲಿ. ರಾಜ್ಯದ 2ಎ, 3ಎ, 3ಬಿ ಪಟ್ಟಿ ಬೇರೆ. ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದಲ್ಲಿ ಹಿಂದುಳಿದ ವರ್ಗದ ಪ್ರಮಾಣಪತ್ರ ಇದೆ ಅಂತ ಯುಪಿಎಸ್‌ಸಿ ಅರ್ಜಿಯಲ್ಲಿ ಒಬಿಸಿ ಅಂತ ತುಂಬಬೇಡಿ. ನಿಮ್ಮ ಜಾತಿ, ಉಪಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇದೆಯೇ ಅಂತ ಅಕ್ಷರ ಅಕ್ಷರ ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ, ಕೆನೆಪದರದಲ್ಲಿಲ್ಲ ಅನ್ನುವ ಪ್ರಮಾಣಪತ್ರ ಮಾಡಿಸಿ. ಕೆನೆಪದರ ಅಂದರೆ ಆ ವರ್ಗದ ಒಳಗಿನ ಸ್ಥಿತಿವಂತರು. ಅವರಿಗೆ ಮೀಸಲಾತಿ ಇಲ್ಲ. 8 ಲಕ್ಷದ ಮಿತಿ ಎಲ್ಲರಿಗೂ ಗೊತ್ತು. ಆದರೆ ಕೇಂದ್ರದ ಲೆಕ್ಕದಲ್ಲಿ ಸಂಬಳ ಮತ್ತು ಬೇಸಾಯದ ಆದಾಯವನ್ನು ಆ 8 ಲಕ್ಷಕ್ಕೆ ಸೇರಿಸುವುದಿಲ್ಲ, ತಂದೆತಾಯಿಯ ಹುದ್ದೆಯ ದರ್ಜೆಯನ್ನು ಪ್ರತ್ಯೇಕವಾಗಿ ನೋಡುತ್ತಾರೆ. ಅಡಿಕೆ ತೋಟದವರ ಮಕ್ಕಳು, ಮೇಷ್ಟ್ರ ಮಕ್ಕಳು ಇದನ್ನು ತಿಳಿಯದೆ ಅರ್ಜಿಯಲ್ಲೇ ತಪ್ಪು ತುಂಬಿಬಿಡುತ್ತಾರೆ.

ಆರ್ಥಿಕವಾಗಿ ಹಿಂದುಳಿದವರ, ಅಂದರೆ ಇಡಬ್ಲ್ಯುಎಸ್, ಪ್ರಮಾಣಪತ್ರಕ್ಕೆ ಯಾವ ಹಣಕಾಸು ವರ್ಷದ ಆದಾಯ ಅನ್ನುವುದು ಮುಖ್ಯ. ಒಂದು ವರ್ಷ ಹಳೆಯದಾದರೆ ಸಂದರ್ಶನದ ಹೊತ್ತಿಗೆ ತಕರಾರು ಬರುತ್ತದೆ. ಹತ್ತನೇ ತರಗತಿ ಅಂಕಪಟ್ಟಿಯ ಹೆಸರು, ಇನಿಷಿಯಲ್, ಜನ್ಮದಿನಾಂಕ ಆಧಾರ್‌ನಲ್ಲೂ ಹಾಗೇ ಇದೆಯೇ ನೋಡಿ. ಇಲ್ಲದಿದ್ದರೆ ಈಗಲೇ ಸರಿಪಡಿಸಿ.

ಯುಪಿಎಸ್‌ಸಿಯ ಸಿವಿಲ್ ಸರ್ವೀಸಸ್ ಪರೀಕ್ಷೆಗೆ ವಯಸ್ಸಿನ ಮಿತಿ ಒಬಿಸಿಗೆ 35, ಪರಿಶಿಷ್ಟ ಜಾತಿ-ಪಂಗಡಕ್ಕೆ 37. ಬರೆಯುವ ಅವಕಾಶ ಸಾಮಾನ್ಯ ವರ್ಗಕ್ಕೆ 6, ಒಬಿಸಿಗೆ 9, ಪರಿಶಿಷ್ಟರಿಗೆ ವಯಸ್ಸಿನ ಮಿತಿ ಇರುವವರೆಗೆ ಎಷ್ಟಾದರೂ. ಪ್ರಿಲಿಮ್ಸ್‌ನ ಒಂದು ಪತ್ರಿಕೆಗೆ ಕೂತರೂ ಒಂದು ಅವಕಾಶ ಖರ್ಚಾಯಿತು. "ಅನುಭವಕ್ಕೆ ಅಂತ ಒಂದು ಸಲ ಬರೆದು ನೋಡು" ಅನ್ನುವ ಸಲಹೆ ಕೊಡುವವರಿಗೆ ಇದು ಗೊತ್ತಿರುವುದಿಲ್ಲ.

5. ಪರೀಕ್ಷೆ

ಇದು ಯುಪಿಎಸ್‌ಸಿಯ ಸಿವಿಲ್ ಸರ್ವೀಸಸ್ ಪರೀಕ್ಷೆಯ ಮಾತು. ವಿವರವೆಲ್ಲ ಅಧಿಸೂಚನೆಯಲ್ಲಿ ಇದೆ. ನಮ್ಮ ಕಡೆಯವರಿಗೆ ಬೇಕಾದ್ದಷ್ಟೇ ಹೇಳುತ್ತೇನೆ.

ಪ್ರಿಲಿಮ್ಸ್ ಎರಡು ಪತ್ರಿಕೆ. ಎರಡನೆಯದು, ಸಿಸ್ಯಾಟ್, ಮೂರನೇ ಒಂದು ಭಾಗ ಅಂಕ ಬಂದರೆ ಸಾಕು. ಆದರೆ ಬಿ.ಎ. ಓದಿದವರು ಇದರ ಗಣಿತದಲ್ಲೇ ಸಿಕ್ಕಿಬೀಳುವುದು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ದಾವಣಗೆರೆ, ಚಿತ್ರದುರ್ಗದಲ್ಲಿ ಕೇಂದ್ರ ಇಲ್ಲ. ಧಾರವಾಡ, ಬೆಂಗಳೂರು, ಮೈಸೂರು ಇವೆ. ಮೊದಲು ಅರ್ಜಿ ಹಾಕಿದವರಿಗೆ ಮೊದಲು ಕೇಂದ್ರ. ಕೊನೆಯ ದಿನದವರೆಗೆ ಕಾದರೆ ಬೇಕಾದ ಊರು ಸಿಗುವುದಿಲ್ಲ. ಪರೀಕ್ಷೆ ಬೆಳಗ್ಗೆ 9.30ಕ್ಕೆ ಶುರು. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಬೆಳಗಿನ ರೈಲು ನಂಬಿ ಕೂರಬೇಡಿ.

ಮೇನ್ಸ್, ಅಂದರೆ ಮುಖ್ಯ ಪರೀಕ್ಷೆ, ಒಂಬತ್ತು ಪತ್ರಿಕೆ. ಏಳರ ಅಂಕ ಲೆಕ್ಕಕ್ಕೆ, ತಲಾ 250, ಒಟ್ಟು 1750. ಸಂದರ್ಶನ 275. ಉಳಿದ ಎರಡು ಭಾಷಾ ಪತ್ರಿಕೆ: ಒಂದು ಕನ್ನಡ, ಒಂದು ಇಂಗ್ಲಿಷ್. ಪ್ರತಿಯೊಂದರಲ್ಲೂ 300ಕ್ಕೆ 75 ಬಂದರೆ ಪಾಸು, ಬಾರದಿದ್ದರೆ ಉಳಿದ ಪತ್ರಿಕೆಗಳ ಮೌಲ್ಯಮಾಪನವೇ ಇಲ್ಲ. ಕಾನ್ವೆಂಟಿನಲ್ಲಿ ಓದಿ ಕನ್ನಡ ಮಾತಾಡಲು ಬಂದರೂ ಬರೆಯಲು ಬಾರದ ಮಕ್ಕಳಿಗೆ ಇದು ನಿಜವಾದ ಅಪಾಯ. ಪ್ರಬಂಧ, ಸಂಕ್ಷೇಪ, ಅನುವಾದ ಇರುತ್ತವೆ. ವಾರಕ್ಕೊಮ್ಮೆ ಕೈಯಲ್ಲಿ ಪೆನ್ನು ಹಿಡಿದು ಕನ್ನಡದಲ್ಲಿ ಎರಡು ಪುಟ ಬರೆಯಿರಿ.

ಬೇಕಾದರೆ ಇಡೀ ಮೇನ್ಸ್ ಅನ್ನು ಕನ್ನಡದಲ್ಲೇ ಬರೆಯಬಹುದು. ಹಾಗೆ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ತೊಂದರೆ ಇರುವುದು ಓದುವ ಸಾಮಗ್ರಿಯಲ್ಲಿ. ಅರ್ಥವ್ಯವಸ್ಥೆ ಬಗ್ಗೆ ಒಳ್ಳೆಯ ಕನ್ನಡ ಪುಸ್ತಕಗಳು ಕಡಿಮೆ. ಇಂಗ್ಲಿಷ್‌ನಲ್ಲಿ ಓದಿ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸ ಮೊದಲ ದಿನದಿಂದಲೇ ಬೇಕು.

ಐಚ್ಛಿಕ ವಿಷಯದ ಬಗ್ಗೆ ಬರುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ. "ಹಣಕಾಸು ಸಚಿವಾಲಯಕ್ಕೆ ಹೋಗಬೇಕು, ಹಾಗಾದರೆ ಅರ್ಥಶಾಸ್ತ್ರವೇ ತಗೋಬೇಕಾ?" ಬೇಕಿಲ್ಲ. ಐಚ್ಛಿಕ ವಿಷಯಕ್ಕೂ ಮುಂದಿನ ಹುದ್ದೆಗೂ ಸಂಬಂಧವೇ ಇಲ್ಲ. ಶಕ್ತಿಕಾಂತ ದಾಸ್ ಓದಿದ್ದು ಇತಿಹಾಸ. ಕಂದಾಯ ಕಾರ್ಯದರ್ಶಿ, ಆರ್ಥಿಕ ವ್ಯವಹಾರಗಳ ಕಾರ್ಯದರ್ಶಿ ಆದರು, 2018ರಿಂದ 2024ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದರು. ಅವರ ಜಾಗಕ್ಕೆ ಬಂದ ಸಂಜಯ್ ಮಲ್ಹೋತ್ರಾ ಕಂಪ್ಯೂಟರ್ ಎಂಜಿನಿಯರ್. ಹಿಂದೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಡಿ. ಸುಬ್ಬರಾವ್ ಭೌತಶಾಸ್ತ್ರದವರು. ಕನ್ನಡ ಸಾಹಿತ್ಯದಲ್ಲಿ ನಿಮಗೆ ಅಂಕ ಬರುವುದಾದರೆ ಅದನ್ನೇ ತಗೊಳ್ಳಿ.

ಕೆಪಿಎಸ್‌ಸಿ ಪರೀಕ್ಷೆ ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ. 2024ರ ಆಗಸ್ಟ್‌ನಲ್ಲಿ ನಡೆದ ಪ್ರಿಲಿಮ್ಸ್‌ನ ಕನ್ನಡ ಅನುವಾದದಲ್ಲಿ ತಪ್ಪುಗಳಾಗಿ, ಡಿಸೆಂಬರ್‌ನಲ್ಲಿ ಮರುಪರೀಕ್ಷೆ ಮಾಡಬೇಕಾಯಿತು. ಪ್ರಶ್ನೆ ವಿಚಿತ್ರವಾಗಿ ಕಂಡರೆ ಪಕ್ಕದ ಇಂಗ್ಲಿಷ್ ರೂಪವನ್ನೂ ಓದಿ.

ಕೋಚಿಂಗ್‌ಗೆ ಲಕ್ಷಗಟ್ಟಲೆ ಕಟ್ಟುವ ಮೊದಲು, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಉಚಿತ ತರಬೇತಿಗೆ ಪ್ರವೇಶ ಪರೀಕ್ಷೆ ಯಾವಾಗ ಅಂತ ನೋಡಿ.

6. ಮೊದಲ ಹತ್ತು ವರ್ಷ: ಜಿಲ್ಲೆಯಲ್ಲೇ ಹಣಕಾಸು ಕಲಿಯಿರಿ

ಆಯ್ಕೆಯಾದಿರಿ ಅಂದುಕೊಳ್ಳೋಣ. ತರಬೇತಿ, ಆಮೇಲೆ ಉಪವಿಭಾಗಾಧಿಕಾರಿ, ಜಿಲ್ಲಾ ಪಂಚಾಯಿತಿ ಸಿಇಒ, ಜಿಲ್ಲಾಧಿಕಾರಿ. ಶುರುವಿನ ಮೂಲ ವೇತನ ಏಳನೇ ವೇತನ ಆಯೋಗದ ಪ್ರಕಾರ 56,100 ರೂಪಾಯಿ; ಕಾರ್ಯದರ್ಶಿ ಆದಾಗ 2,25,000. ನಡುವಿನ ಬಡ್ತಿಯ ಮೆಟ್ಟಿಲುಗಳು ಸೇವೆಯ ವರ್ಷದ ಲೆಕ್ಕದಲ್ಲಿ ಬರುತ್ತವೆ: ಸುಮಾರು 4, 9, 13, 16, 25 ವರ್ಷ ಆದಾಗ.

ಈ ಹಂತದಲ್ಲಿ ಹಣಕಾಸು ಕಲಿಯಲು ಸಿಇಒ ಹುದ್ದೆಗಿಂತ ಒಳ್ಳೆಯ ಜಾಗ ಇಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟು ಹಣ ಅಂತ ಹೇಳುವ ಲಿಂಕ್ ಡಾಕ್ಯುಮೆಂಟ್ ಇರುತ್ತದೆ. ಲೆಕ್ಕಶೀರ್ಷಿಕೆ ಅಂದರೆ ಪ್ರತಿ ಖರ್ಚಿಗೂ ಇರುವ ಅಂಕಿಯ ವಿಳಾಸ. ಅದನ್ನು ಓದಲು ಬಂದರೆ ಬಜೆಟ್‌ನ ಅರ್ಧ ಭಾಷೆ ಬಂದಂತೆ. ಬಿಲ್ ಹೇಗೆ ಖಜಾನೆ-2 ತಂತ್ರಾಂಶದಲ್ಲಿ ಹೋಗುತ್ತದೆ, ಬಳಕೆ ಪ್ರಮಾಣಪತ್ರ ಯಾಕೆ ತಡವಾಗುತ್ತದೆ, ಆಡಿಟ್ ಪ್ಯಾರಾ (ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪ) ಯಾಕೆ ವರ್ಷಗಟ್ಟಲೆ ಬಾಕಿ ಉಳಿಯುತ್ತದೆ, ಇವೆಲ್ಲ ಕಣ್ಣ ಮುಂದೆ ನಡೆಯುತ್ತವೆ. ಬಳಕೆ ಪ್ರಮಾಣಪತ್ರ ಅಂದರೆ "ಕೊಟ್ಟ ಹಣ ಕೊಟ್ಟ ಕೆಲಸಕ್ಕೇ ಖರ್ಚಾಗಿದೆ" ಅನ್ನುವ ಬರಹ. ಅದು ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. 1958ರ ಕರ್ನಾಟಕ ಆರ್ಥಿಕ ಸಂಹಿತೆ, ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು), ಟೆಂಡರಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆ, ಈ ಮೂರನ್ನು ಗುಮಾಸ್ತರಿಗೆ ಬಿಡದೆ ಸ್ವತಃ ಓದಿ.

ಎಡವುವ ಜಾಗ: ಪ್ರತಿ ವರ್ಷ ಜನವರಿ 31ರೊಳಗೆ ಸ್ಥಿರಾಸ್ತಿ ವಿವರ ಸಲ್ಲಿಸಬೇಕು. ಮರೆತರೆ ಆವತ್ತೇನೂ ಆಗುವುದಿಲ್ಲ. ಹದಿನೈದು ವರ್ಷ ಆದ ಮೇಲೆ ಬಡ್ತಿ ಪಟ್ಟಿಯ ಸಮಯದಲ್ಲಿ ವಿಚಕ್ಷಣಾ ಅನುಮತಿಗೆ, ಅಂದರೆ ನಿಮ್ಮ ಮೇಲೆ ತಕರಾರಿಲ್ಲ ಅನ್ನುವ ಒಪ್ಪಿಗೆಗೆ, ಅಡ್ಡ ಬರುತ್ತದೆ.

7. ಆರ್ಥಿಕ ಇಲಾಖೆಯಲ್ಲಿ ಒಂದು ಅವಧಿ

ಆರೇಳು ವರ್ಷ ಆದ ಮೇಲೆ ವಿಧಾನಸೌಧದ ಆರ್ಥಿಕ ಇಲಾಖೆಗೆ ಹೋಗಲು ಅವಕಾಶ ಸಿಕ್ಕರೆ ಬಿಡಬೇಡಿ. ಜಿಲ್ಲಾಧಿಕಾರಿಯ ಗತ್ತು ಅಲ್ಲಿ ಇಲ್ಲ. ಕೆಂಪು ದೀಪವೂ ಇಲ್ಲ, ಈಗ ಅದು ಎಲ್ಲೂ ಇಲ್ಲ ಬಿಡಿ. ಆದರೆ ಬಜೆಟ್ ಕೆಲಸ ಕಲಿಯಲು ಅದೇ ಶಾಲೆ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ 16ನೇ ಬಜೆಟ್ ಮಂಡಿಸಿದಾಗ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಇದರ ಪ್ರತಿ ಸಾಲಿನ ಹಿಂದೆ ಯಾರೋ ಒಬ್ಬ ಉಪ ಕಾರ್ಯದರ್ಶಿ "ಇಷ್ಟು ಕೊಡಲಾಗುವುದಿಲ್ಲ" ಅಂತ ಬರೆದಿರುತ್ತಾರೆ.

ಯಾಕೆ ಕೊಡಲಾಗುವುದಿಲ್ಲ? ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ರಾಜ್ಯ, ದೇಶದಲ್ಲೇ ಮೊದಲನೆಯದು. ವಿತ್ತೀಯ ಕೊರತೆ, ಅಂದರೆ ಖರ್ಚಿಗೆ ಸಾಲದೆ ಸಾಲ ಮಾಡಬೇಕಾಗುವ ಮೊತ್ತ, ರಾಜ್ಯದ ಒಟ್ಟು ಉತ್ಪನ್ನದ ಶೇ. 3ರೊಳಗೆ ಇರಬೇಕು. ಇನ್ನೊಂದು ಕಡೆ ಕೇಂದ್ರದ ತೆರಿಗೆಯಲ್ಲಿ ರಾಜ್ಯದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು. ಇಂಥ ಅಂಕಿಗಳನ್ನು ಹಿಡಿದು ವಾದ ಮಂಡಿಸುವುದನ್ನು ಕಲಿತ ಅಧಿಕಾರಿಗೆ ದೆಹಲಿಯಲ್ಲೂ ಬೆಲೆ ಇದೆ. 16ನೇ ಹಣಕಾಸು ಆಯೋಗದ ಕಾರ್ಯದರ್ಶಿಯಾಗಿದ್ದ ಋತ್ವಿಕ್ ಪಾಂಡೆ ಕರ್ನಾಟಕ ಕೇಡರಿನವರೇ.

8. ದೆಹಲಿಗೆ ಹೋಗುವುದು ಯಾವಾಗ?

ಇದು ನಿರ್ಣಾಯಕ ಹಂತ. ರಾಜ್ಯದಲ್ಲಿ ಆರಾಮಾಗಿರುವ ಅಧಿಕಾರಿಗಳು ಮುಂದೂಡುತ್ತಾ ಹೋಗುತ್ತಾರೆ.

ಒಂಬತ್ತು ವರ್ಷಕ್ಕೆ ಕೇಂದ್ರದಲ್ಲಿ ಉಪ ಕಾರ್ಯದರ್ಶಿ, ಹದಿಮೂರು-ಹದಿನಾಲ್ಕು ವರ್ಷಕ್ಕೆ ನಿರ್ದೇಶಕ ಹುದ್ದೆಗೆ ಹೋಗಬಹುದು. ಇದಕ್ಕೆ ಕೇಂದ್ರ ನಿಯೋಜನೆ ಅನ್ನುತ್ತಾರೆ. 2007ರ ಬ್ಯಾಚಿನಿಂದ ಈಚಿನವರಿಗೆ ಒಂದು ನಿಯಮ ಇದೆ: ಈ ಎರಡು ಹುದ್ದೆಗಳಲ್ಲಿ ಕನಿಷ್ಠ ಎರಡು ವರ್ಷ ಕೇಂದ್ರದಲ್ಲಿ ಕೆಲಸ ಮಾಡಿರದಿದ್ದರೆ ಜಂಟಿ ಕಾರ್ಯದರ್ಶಿ ಪಟ್ಟಿಗೆ ಹೆಸರು ಸೇರುವುದಿಲ್ಲ. ಆ ಪಟ್ಟಿಗೆ ಸೇರುವುದನ್ನು ಎಂಪ್ಯಾನೆಲ್ ಆಗುವುದು ಅನ್ನುತ್ತಾರೆ. ಪಟ್ಟಿ ಅಂದರೆ ಅರ್ಹತೆ ಅಷ್ಟೇ. ಹುದ್ದೆ ಸಿಕ್ಕಿತು ಅಂತಲ್ಲ. ಪಟ್ಟಿಯಲ್ಲಿ ಹೆಸರಿದ್ದೂ ಕಾಯುವವರು ಬಹಳ.

ಪಟ್ಟಿಗೆ ಸೇರಿಸುವಾಗ ವಾರ್ಷಿಕ ಕಾರ್ಯನಿರ್ವಹಣಾ ವರದಿ ನೋಡುತ್ತಾರೆ. ಜೊತೆಗೆ ನಿಮ್ಮ ಜೊತೆ ಕೆಲಸ ಮಾಡಿದ ಹಿರಿಯರು, ಕಿರಿಯರನ್ನು ಗುಟ್ಟಾಗಿ ಕೇಳುತ್ತಾರೆ. ಈ ಎರಡನೆಯ ಪದ್ಧತಿ ಬಗ್ಗೆ ಅಧಿಕಾರಿಗಳಲ್ಲೇ ಅಸಮಾಧಾನ ಇದೆ. ಯಾರು ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ, ಉತ್ತರ ಕೊಡಲೂ ಆಗುವುದಿಲ್ಲ. ನನಗೂ ಅದು ನ್ಯಾಯ ಅನ್ನಿಸುವುದಿಲ್ಲ.

ಎಡವುವ ಜಾಗ: ನಿಯೋಜನೆಗೆ ಹೆಸರು ಕೊಟ್ಟು, ಆಯ್ಕೆಯಾದ ಮೇಲೆ "ಮಕ್ಕಳ ಶಾಲೆ" ಅಂತ ಹಿಂದೆ ಸರಿದರೆ ಐದು ವರ್ಷ ನಿರ್ಬಂಧ. ಮನೆಯಲ್ಲಿ ಮಾತಾಡಿ ಆಮೇಲೆ ಹೆಸರು ಕೊಡಿ.

9. ಅಲ್ಲಿ ಹೋಗಿ ಮಾಡುವ ಕೆಲಸ ಏನು?

ಇದನ್ನು ನಮ್ಮ ಜಿಲ್ಲೆಗಳ ಉದಾಹರಣೆಯಲ್ಲೇ ಹೇಳಬಹುದು. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಚಿತ್ರದುರ್ಗದಲ್ಲಿ ಪಟಾಕಿ ಹೊಡೆದರು. ಆಮೇಲೆ ಹಣ ಬರಲಿಲ್ಲ ಅಂತ ರಾಜ್ಯ ಸರ್ಕಾರ ವರ್ಷ ವರ್ಷವೂ ದೂರಿತು, ರೈತರು ಬಂದ್ ಮಾಡಿದರು. "ಬಜೆಟ್‌ನಲ್ಲಿ ಹೇಳಿದ ಮೇಲೆ ಯಾಕೆ ಬರುವುದಿಲ್ಲ?" ಅನ್ನುವುದು ಹಿರಿಯೂರಿನ ರೈತ ಕೇಳುವ ನ್ಯಾಯವಾದ ಪ್ರಶ್ನೆ.

ಭಾಷಣದ ಸಾಲಿಗೂ ಬ್ಯಾಂಕಿಗೆ ಬರುವ ಹಣಕ್ಕೂ ನಡುವೆ ಹಲವು ಮೇಜುಗಳಿವೆ. ಸಂಬಂಧಪಟ್ಟ ಸಚಿವಾಲಯ, ಇಲ್ಲಿ ಜಲಶಕ್ತಿ, ಯೋಜನೆಯ ತಾಂತ್ರಿಕ ಪರಿಶೀಲನೆ ಮಾಡಬೇಕು. ಇಷ್ಟು ದೊಡ್ಡ ಮೊತ್ತವಾದರೆ ವೆಚ್ಚ ಕಾರ್ಯದರ್ಶಿ ಅಧ್ಯಕ್ಷತೆಯ ಸಾರ್ವಜನಿಕ ಹೂಡಿಕೆ ಮಂಡಳಿಯ ಮುಂದೆ ಬರಬೇಕು. ಯೋಜನೆಯ ಒಟ್ಟು ಖರ್ಚೆಷ್ಟು, ರಾಜ್ಯ ಎಷ್ಟು ಹಾಕಿದೆ, ಭೂಸ್ವಾಧೀನ ಎಲ್ಲಿಗೆ ಬಂತು, ವರ್ಷಕ್ಕೆ ಎಷ್ಟು ಖರ್ಚು ಮಾಡುವ ಶಕ್ತಿ ಇದೆ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಆಮೇಲೆ ಕೇಂದ್ರ ಸಂಪುಟ. ಆಮೇಲೆ ಆ ವರ್ಷದ ಬಜೆಟ್‌ನಲ್ಲಿ ಹಣ ಒದಗಿಸಬೇಕು. ಆಮೇಲೆ ಕಂತಿನ ಬಿಡುಗಡೆ. ಪ್ರತಿ ಮೇಜಿನಲ್ಲೂ ಒಬ್ಬ ಅಧೀನ ಕಾರ್ಯದರ್ಶಿ, ಒಬ್ಬ ನಿರ್ದೇಶಕ, ಒಬ್ಬ ಜಂಟಿ ಕಾರ್ಯದರ್ಶಿ ಟಿಪ್ಪಣಿ ಬರೆಯುತ್ತಾರೆ. ಕಡತ ಮುಂದೆ ಹೋಗುವುದೂ ವಾಪಸು ಬರುವುದೂ ಆ ಟಿಪ್ಪಣಿಗಳ ಮೇಲೆ. ರಾಜಕೀಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ರಾಜಕೀಯ ತೀರ್ಮಾನವೂ ಕೊನೆಗೆ ಒಂದು ಟಿಪ್ಪಣಿಯ ರೂಪದಲ್ಲೇ ಕೂರಬೇಕು. ಹಿರಿಯ ಅಧಿಕಾರಿಯ ಶಕ್ತಿ ಇರುವುದು ಅಲ್ಲಿ: ಒಂದು ಪುಟದಲ್ಲಿ, ಸಚಿವರಿಗೆ ಅರ್ಥವಾಗುವಂತೆ, ಬೇಕು-ಬೇಡ ಎರಡರ ಪರಿಣಾಮವನ್ನೂ ಬರೆಯುವುದರಲ್ಲಿ.

ಹಾಗಾಗಿ ಈಗಿನಿಂದಲೇ ಒಂದು ಅಭ್ಯಾಸ ಮಾಡಿ. ಕೇಂದ್ರದ ಆರ್ಥಿಕ ಸಮೀಕ್ಷೆಯ ಒಂದು ಅಧ್ಯಾಯ, ರಾಜ್ಯದ ಮಧ್ಯಮಾವಧಿ ವಿತ್ತೀಯ ಯೋಜನೆ, ಸಿಎಜಿಯ ಒಂದು ವರದಿ, ಎಲ್ಲವೂ ಪುಕ್ಕಟೆ ಸಿಗುತ್ತವೆ. ಒಂದನ್ನು ಓದಿ ಒಂದೇ ಪುಟಕ್ಕೆ ಇಳಿಸಿ. ಎರಡನೇ ಪುಟಕ್ಕೆ ಹೋದರೆ ಮತ್ತೆ ಬರೆಯಿರಿ.

ಬಜೆಟ್ ವಿಭಾಗಕ್ಕೆ ಬಿದ್ದರೆ ವರ್ಷದ ಪಂಚಾಂಗವೇ ಬೇರೆ. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಬಜೆಟ್ ಸುತ್ತೋಲೆ. ಅಕ್ಟೋಬರ್‌ನಿಂದ ಒಂದೊಂದೇ ಸಚಿವಾಲಯದ ಜೊತೆ ಚೌಕಾಸಿ. ಆ ವರ್ಷಕ್ಕೆ ಕೊಟ್ಟದ್ದರಲ್ಲಿ ಎಷ್ಟು ಖರ್ಚಾಗಲಿಲ್ಲ ಅಂತ ನೋಡಿ ಪರಿಷ್ಕೃತ ಅಂದಾಜು. ಜನವರಿಯಲ್ಲಿ ಹಲ್ವಾ ಹಂಚಿ ಬಾಗಿಲು ಹಾಕಿದರೆ, ಮುದ್ರಣ ಮತ್ತು ತಯಾರಿಕೆಯ ಸಿಬ್ಬಂದಿ ಭಾಷಣ ಮುಗಿಯುವವರೆಗೂ ಒಳಗೇ. ಮನೆಗೆ ಫೋನೂ ಇಲ್ಲ. ಸಂಕ್ರಾಂತಿಗೆ ಊರಿಗೆ ಬರುತ್ತೇನೆ ಅಂತ ಅಮ್ಮನಿಗೆ ಮಾತು ಕೊಡಬೇಡಿ.

10. 60ರ ನಂತರ

ನಿವೃತ್ತಿಯಾದ ಮೇಲೆ ಖಾಸಗಿ ಕಂಪನಿ ಸೇರಲು ಒಂದು ವರ್ಷ ಕಾಯಬೇಕು, ಅಥವಾ ಸರ್ಕಾರದ ಅನುಮತಿ ಬೇಕು. ಹಣಕಾಸಿನಲ್ಲಿ ಕೈ ಪಳಗಿದವರನ್ನು ನಿಯಂತ್ರಣ ಸಂಸ್ಥೆಗಳು ಕರೆಯುತ್ತವೆ. ಹಣಕಾಸು ಕಾರ್ಯದರ್ಶಿಯಾಗಿದ್ದ ತುಹಿನ್ ಕಾಂತ ಪಾಂಡೆ 2025ರಲ್ಲಿ ಷೇರುಪೇಟೆ ನೋಡಿಕೊಳ್ಳುವ ಸೆಬಿಗೆ ಹೋದರು, ಅಜಯ್ ಸೇಠ್ ವಿಮೆ ನಿಯಂತ್ರಣ ಪ್ರಾಧಿಕಾರಕ್ಕೆ. ಆದರೆ ಇಂಥ ಹುದ್ದೆಗಳು ಬೆರಳೆಣಿಕೆಯಷ್ಟು. 22ರ ವಯಸ್ಸಿನಲ್ಲಿ ಇದರ ಬಗ್ಗೆ ಯೋಚಿಸುವ ಅಗತ್ಯವಿಲ್ಲ. ಜಾತಿ ಪ್ರಮಾಣಪತ್ರದ ನಮೂನೆ ಸರಿಯಿದೆಯೇ ಅಂತ ನೋಡಲು ನಾಡಕಚೇರಿಗೆ ಹೋಗುವುದೇ ಈ ವಾರದ ಕೆಲಸ.